ವ್ಯಾನಿಗೆ ಅರ್ಥಿಂಗ್

“ಇನ್ನೊಂದು ಸಲ ಈ ಡಬ್ಬಾನ ಮುಟ್ಟು ಅಂದ್ರೆ ನೋಡಿ, ನಿಮ್ಮ ಕೈ ಹಿಡ್ಕೊಂಡೇ ಮುಟ್ತೀನಿ. ಇಬ್ಬರೂ ಒಟ್ಟಿಗೇ ಸಾಯೋಣ.”

ದರ್ಜಿಯ ಹೆಂಡತಿ ಅಂಗಳದಲ್ಲಿ ನಿಂತು ಬಲಗೈ ಒದರುತ್ತಿದ್ದಳು. ವ್ಯಾನಿನ ಬಾಗಿಲ ಹಿಡಿ ಚೇಳಿನಂತೆ ಕುಟುಕಿತ್ತು.

“ಸ್ವಲ್ಪ ಜುಮ್ಮಂದಿರುತ್ತೆ ಕಣೇ, ಅಷ್ಟೇ.”

“ಸ್ವಲ್ಪಾನಾ? ಭುಜದ ತನಕ ಏರ್ತು. ಕೇಳಿ, ಸಂಜೆ ಗುಜರಿಯವನಿಗೆ ಬರೋಕೆ ಹೇಳ್ತೀನಿ. ಇಲ್ಲಿ ಶಾಕ್ ಹೊಡೆಯೋದು ಏನಿದ್ರೂ ತೂಕಕ್ಕೆ ಹಾಕಿಬಿಡ್ತೀನಿ. ಶಾಕ್ ಹೊಡೆಯೋ ಕಡೆ ನಾನಿರಲ್ಲ.”

ಹೇಳಿದ್ದನ್ನು ಮಾಡುವ ಹೆಂಗಸು. ಅಲ್ಲೇ ನಿಂತು ಗುಜರಿಯವನಿಗೆ ಫೋನ್ ಮಾಡಿಯೂಬಿಟ್ಟಳು.

ಅದು ಅವಳೇ ವರ್ಷಗಟ್ಟಲೆ ಓಡಿಸಿದ ಶಾಲೆಯ ವ್ಯಾನು. ಶಾಲೆಯವರು ಹೊಸದು ತಂದಾಗ ಹಳೆಯದು ಇವರ ಅಂಗಳಕ್ಕೆ ಬಂತು. ದರ್ಜಿ ಸೀಟು ಕಿತ್ತು, ಮಂಚ, ಒಲೆ, ದೀಪ, ಫ್ಯಾನು ಕೂಡಿಸಿ ಅದನ್ನು ಗಾಲಿಯ ಮೇಲಿನ ಮನೆ ಮಾಡಿದ್ದ. ಕಿಟಕಿಯ ಪರದೆಗಳನ್ನಂತೂ ಮದುಮಗಳಿಗೆ ಹೊಲಿದಂತೆ ಹೊಲಿದಿದ್ದ. ಸಂಜೆ ಹೊರಟರೆ ಬೆಳಗಾಗುವಷ್ಟರಲ್ಲಿ ಸಮುದ್ರ. ಸೂಜಿಯ ಕಣ್ಣು ಬಿಟ್ಟರೆ ಜಗತ್ತಿನಲ್ಲಿ ಬೇರೇನನ್ನೂ ನೋಡದವನಿಗೆ ಆ ಹುಚ್ಚು ತಲೆಗೇರಿತ್ತು. ಆದರೆ ಸ್ಟೇರಿಂಗ್ ಹಿಡಿಯಲು ಬರುತ್ತಿದ್ದುದು ಹೆಂಡತಿಗೆ ಮಾತ್ರ. ಇವನ ಕೈಯಲ್ಲಿ ಸೈಕಲ್ಲು ಸಹ ಚರಂಡಿಯ ಕಡೆಗೇ ಎಳೆಯುತ್ತಿತ್ತು.

ವೈರಿಂಗೂ ಅವನದೇ. ದೀಪ ಹಾಕಿದರೆ ಫ್ಯಾನು ತೂಕಡಿಸುತ್ತಿತ್ತು, ಫ್ಯಾನು ಹಾಕಿದರೆ ಹಾರ್ನು ಕೂಗುತ್ತಿತ್ತು. ಅರ್ಥಿಂಗ್ ಇಲ್ಲದ್ದಕ್ಕೇ ಹೀಗೆ ಎಂದು ಯಾರೋ ಅಂದರು. ನಿನ್ನೆ ಎಲ್ಲಿಂದಲೋ ಒಂದು ದಪ್ಪ ತಾಮ್ರದ ತಂತಿ ತಂದ. ಅದಕ್ಕೆ ಅಲ್ಲಲ್ಲಿ ಹಳದಿ ಬಣ್ಣ ಮೆತ್ತಿತ್ತು. ಅದರ ಒಂದು ತುದಿಯನ್ನು ವೈರಿಂಗಿಗೆ ಕೂಡಿಸಿ, ವ್ಯಾನಿನ ಮೈಗೆ ಬೋಲ್ಟು ಹಾಕಿ ಬಿಗಿದ. ಬ್ಯಾಟರಿ ಚಾರ್ಜ್ ಆಗಲೆಂದು ಮನೆಯ ಕಿಟಕಿಯಿಂದ ಕರೆಂಟಿನ ವೈರೂ ಎಳೆದು ಸಿಕ್ಕಿಸಿದ. ಕುಟುಕು ಶುರುವಾದದ್ದು ಆಮೇಲೆ.

ಅಡುಗೆಮನೆಯಿಂದ ಅವನ ತಾಯಿ ಕೂಗಿದಳು. “ಮಗಾ, ನಿನ್ನೆಯಿಂದ ಈ ಫ್ರಿಜ್ಜೂ ಕಚ್ತಿದೆ ಕಣೋ.”

“ಅದು ನಿನ್ನ ನರದ ದೌರ್ಬಲ್ಯ ಅಮ್ಮ,” ಅಂದವನೇ ಒಳಗೆ ಓಡಿ, ಮರದ ಹಲಗೆ ಹತ್ತಿ ನಿಂತು, ಗಿರಾಕಿಗಳ ಒಂದೆರಡು ಅಂಗಿಗೆ ಇಸ್ತ್ರಿ ಎಳೆದು ಬಂದ. ಎಲ್ಲವನ್ನೂ ಸಂಜೆಯೊಳಗೆ ಮುಗಿಸಬೇಕಿತ್ತು, ಇಸ್ತ್ರಿಪೆಟ್ಟಿಗೆ ದಿನವಿಡೀ ಕಾದೇ ಇತ್ತು.

ಜಗಳದ ವಾಸನೆಗೆ ಪಕ್ಕದ ಮನೆಯ ಮೈಕ್ ಮಾವ ಬಂದರು. ಸಭೆ ಸಮಾರಂಭಕ್ಕೆ ಮೈಕು ಬಾಡಿಗೆ ಕೊಡುವವರು, ಮೈಕು ಮನೆಯಲ್ಲಿ ಬಿಟ್ಟು ಬಂದರೂ ಅದರಲ್ಲೇ ಮಾತಾಡುವವರು. ಬೋಲ್ಟನ್ನು ನೋಡಿ ಬೀದಿಗೆಲ್ಲ ಕೇಳುವಂತೆ ನಕ್ಕರು. ಬಣ್ಣದ ಮೇಲೆ ಬಿಗಿದರೆ ಏನು ಬಂತು, ರೇನ್‌ಕೋಟ್ ಹಾಕಿಕೊಂಡು ಸ್ನಾನ ಮಾಡಿದ ಹಾಗೆ, ಬಣ್ಣ ಕೆರೆದು ಬರೀ ತಗಡಿಗೆ ಬಿಗಿ ಎಂದರು.

ದರ್ಜಿ ಕೆರೆದ. ತಗಡು ಕನ್ನಡಿಯಾಗುವ ತನಕ ಕೆರೆದು, ಹಲ್ಲು ಕಚ್ಚಿ ಬಿಗಿದ. ಫ್ಯಾನು ಹಾಕಿದರೆ ಹಾರ್ನು ಕೂಗಲಿಲ್ಲ. ದೀಪ ಹಾಕಿದರೆ ಫ್ಯಾನು ತೂಕಡಿಸಲಿಲ್ಲ. ಮೈಕ್ ಮಾವ ಮೀಸೆ ತಿರುವಿ, ಶಾಕೂ ಹೋಗಿರುತ್ತೆ ನೋಡು ಎಂದು ಬಾಗಿಲ ಹಿಡಿಗೆ ಕೈ ಹಾಕಿದವರು ಕಪ್ಪೆಯಂತೆ ಹಿಂದಕ್ಕೆ ಹಾರಿ, ಒಗೆದ ಬಟ್ಟೆಯ ಬುಟ್ಟಿಯಲ್ಲಿ ಕೂತರು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

“ಜೋರಾಗಿದೆ,” ಎಂದರು ಪಿಸುಮಾತಿನಲ್ಲಿ.

ಅರ್ಥಿಂಗ್ ಸರಿಯಾದಷ್ಟೂ ಶಾಕು ಕೊಬ್ಬುತ್ತಿತ್ತು. ದರ್ಜಿ ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿಯ ಅಣ್ಣ ಬಂದ. ಭಾವನದು ಬಾವಿ ತೋಡಿಸುವ ಗುತ್ತಿಗೆ. ಯಾವ ಕಷ್ಟ ಹೇಳಿದರೂ ಮೊದಲು ನೆಲ ನೋಡುವ ಮನುಷ್ಯ.

“ನಾಲ್ಕೂ ಕಾಲಿಗೆ ರಬ್ಬರ್ ಮೆಟ್ಟು ಹಾಕ್ಕೊಂಡು ನಿಂತಿದೆಯಲ್ಲಯ್ಯ ನಿನ್ನ ಗಾಡಿ. ಅದಕ್ಕೆ ಭೂಮಿ ಎಲ್ಲಿಂದ ಸಿಗಬೇಕು? ಹಾರೆ ತಾ.”

ಗುಂಡಿ ಬಿತ್ತು. ಅದಕ್ಕೆ ಇದ್ದಿಲು ಸುರಿದರು, ತಾಯಿಯ ಉಪ್ಪಿನ ಡಬ್ಬಿಯನ್ನೂ ಖಾಲಿ ಮಾಡಿದರು. ನೀರು ಹಾಕುವ ಕೆಲಸ ಬರಲಿಲ್ಲ, ಭಾವನ ಹಾರೆ ನಲ್ಲಿಯ ಪೈಪನ್ನೇ ಹುಡುಕಿಕೊಟ್ಟಿತು. ಆ ಕೆಸರಿನಲ್ಲಿ ಕಬ್ಬಿಣದ ಸರಳು ಹುಗಿದು, ತಾಮ್ರದ ತಂತಿಯ ಇನ್ನೊಂದು ತುದಿಯನ್ನು ದರ್ಜಿ ಅದಕ್ಕೆ ಸುತ್ತಿದ.

ಮನೆಯೊಳಗೆ ಢಂ ಎಂದಿತು. ಫ್ಯೂಸು ಹಾರಿ ಮನೆಯೆಲ್ಲ ಕತ್ತಲು.

ಭಾವ ವ್ಯಾನಿನ ಬಾಗಿಲನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದ. ಸುಮ್ಮನಿತ್ತು. “ಹೇಗೆ?” ಅಂದ.

ಹೆಂಡತಿ ಕಿಟಕಿಯಿಂದ ಬಂದ ವೈರನ್ನು ಕಿತ್ತು ಎಸೆದು ವ್ಯಾನು ಹತ್ತಿದಳು. ಬ್ಯಾಟರಿಯಲ್ಲೇ ದೀಪ ಉರಿಯಿತು, ಫ್ಯಾನು ತಿರುಗಿತು. ಮಂಚದ ಮೇಲೆ ಕೂತು ಪರದೆಯನ್ನು ಸವರಿದಳು. ಮುಖದಲ್ಲಿ ನಗೆಯಂಥದೇನೋ ಕಂಡು ದರ್ಜಿಯ ಕಿವಿಯಲ್ಲಿ ಆಗಲೇ ಅಲೆ ಮೊರೆಯಿತು. ಭಾವ ಮನೆಯ ಫ್ಯೂಸು ಕಟ್ಟಲು ಒಳಗೆ ಹೋದ.

ಕರೆಂಟು ಬಂತು. ಅದರ ಹಿಂದೆಯೇ ಅಡುಗೆಮನೆಯಿಂದ ಕಿರುಚು. ತಾಯಿ ಒಂದೇ ನೆಗೆತಕ್ಕೆ ಅಂಗಳದಲ್ಲಿದ್ದಳು. “ನರದ ದೌರ್ಬಲ್ಯ ಅಂತೀಯಲ್ಲೋ, ನೀನೇ ಹೋಗಿ ಮುಟ್ಟೋ ಆ ಫ್ರಿಜ್ಜನ್ನ.”

ದರ್ಜಿ ಹೋಗಿ ಮುಟ್ಟಿದ. ಮುಟ್ಟಿದ್ದು ಬೀದಿಗೆಲ್ಲ ಕೇಳಿಸಿತು.

ಹೆಂಡತಿ ವ್ಯಾನಿನಿಂದ ಇಳಿದಳು. ಹಳದಿ ಮೆತ್ತಿದ ತಾಮ್ರದ ತಂತಿಯನ್ನು ನೋಡಿದಳು. ಮನೆಯ ಹಳದಿ ಗೋಡೆಯನ್ನು ನೋಡಿದಳು. ಮೀಟರಿನ ಬುಡದಿಂದ ನೆಲದವರೆಗೆ ಗೋಡೆಯ ಮೇಲೆ ಬಣ್ಣವಿಲ್ಲದ ಒಂದು ಗೆರೆ ಇಳಿದಿತ್ತು.

“ರೀ, ಈ ತಂತಿ ಎಲ್ಲಿಂದ ತಂದ್ರಿ?”

“ಗೋಡೆ ಮೇಲೆ ಸುಮ್ನೆ ಬಿದ್ದಿತ್ತು ಕಣೇ. ಇಷ್ಟು ವರ್ಷ ಅದರಿಂದ ಒಂದು ಬಲ್ಬೂ ಉರಿದಿಲ್ಲ.”

ಬಟ್ಟೆಯ ಬುಟ್ಟಿಯಿಂದ ಮೈಕ್ ಮಾವ ಪಿಸುಗುಟ್ಟಿದರು. “ಅದು ಮನೆ ಅರ್ಥಿಂಗ್ ಕಣಪ್ಪ. ನಿನ್ನ ಇಸ್ತ್ರಿಪೆಟ್ಟಿಗೆ ಸೋರೋ ಕರೆಂಟೆಲ್ಲ ಅದನ್ನೇ ಹಿಡ್ಕೊಂಡು ಮಣ್ಣಿಗೆ ಇಳೀತಿತ್ತು. ನೀನು ದಾರಿ ಕಿತ್ತೆ. ಫ್ರಿಜ್ಜಿಗೂ ಹೋಯ್ತು, ಕಿಟಕಿ ವೈರಲ್ಲಿ ವ್ಯಾನಿಗೂ ಬಂತು.”

“ಅಂದ್ರೆ ವ್ಯಾನಿಗೆ ಏನೂ ಆಗಿರಲಿಲ್ಲ,” ಅಂದಳು ಹೆಂಡತಿ.

“ಅದೇ ಅಲ್ವಾ ನಾನೂ ಹೇಳಿದ್ದು,” ಎಂದು ದರ್ಜಿ ಹಿಗ್ಗಿದ. “ಇರು, ಚೀಲ ತಗೊಂಡು ಬರ್ತೀನಿ, ಹೊರಟುಬಿಡೋಣ.”

“ಹೊರಡೋದು ನಾವು, ನೀವಲ್ಲ. ಫ್ರಿಜ್ಜು ಕಚ್ಚೋ ಮನೆಗೆ ಬೀಗ ಹಾಕ್ಕೊಂಡು ಹೋದ್ರೆ, ನಲ್ಲಿ ಪೈಪು ಯಾರು ಕಟ್ತಾರೆ, ಗಿರಾಕಿ ಬಟ್ಟೆ ಯಾರು ಕೊಡ್ತಾರೆ? ಶಾಕ್ ಹೊಡೆಯೋ ಕಡೆ ನಾನಿರಲ್ಲ ಅಂತ ಬೆಳಿಗ್ಗೆನೇ ಹೇಳಿದೀನಿ. ಅತ್ತೆ, ಹತ್ತಿ. ಅಣ್ಣಾ, ನೀನೂ ಬಾ, ಕಿಟಕಿ ಪಕ್ಕದ ಜಾಗ ಖಾಲಿ ಇದೆ.”

ತಾಯಿ ಸೆರಗು ಬಿಗಿದು ಹತ್ತಿದಳು. ಭಾವ ಕೆಸರುಗಾಲಲ್ಲೇ ಹತ್ತಿದ. ವ್ಯಾನು ಗುಡುಗಿತು.

“ತಂತಿ, ಲೇ, ತಂತಿ ಬಿಚ್ಚಬೇಕು,” ಎಂದು ದರ್ಜಿ ಹಿಂದೆ ಓಡಿದ. ಅವಳು ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಂಡೇ ಗೇರು ಹಾಕಿದಳೋ. ತಂತಿ ಬಿಗಿಯಿತು, ಸರಳು ಕೊಳೆತ ಹಲ್ಲಿನಂತೆ ಗುಂಡಿಯಿಂದ ಕಿತ್ತುಬಂತು, ಉಪ್ಪು ಇದ್ದಿಲು ದರ್ಜಿಯ ಮುಖಕ್ಕೆ ರಾಚಿತು. ಮನೆಯ ಅರ್ಥಿಂಗ್ ವ್ಯಾನಿನ ಬಾಲಕ್ಕೆ ಜೋತು, ಬೀದಿಯುದ್ದಕ್ಕೂ ಖಣಖಣ ಎನ್ನುತ್ತ ಸಮುದ್ರ ನೋಡಲು ಹೊರಟಿತು.

ತಿರುವಿನಲ್ಲಿ ಹಾರ್ನು ಕೇಳಿಸಿತು. ಕರೆಯುತ್ತಿದ್ದಾಳೆಂದು ದರ್ಜಿ ಗೇಟಿಗೆ ಓಡಿದ. ಅಡ್ಡ ಬಂದ ನಾಯಿಗೆ ಹಾಕಿದ ಹಾರ್ನು. ವ್ಯಾನು ತಿರುಗಿ ಬರಲಿಲ್ಲ.

ಬಂದವನು ಗುಜರಿಯವನು. ತಳ್ಳುಗಾಡಿ ನಿಲ್ಲಿಸಿ ತಕ್ಕಡಿ ಕೆಳಗಿಟ್ಟ.

“ಅಕ್ಕ ಫೋನ್ ಮಾಡಿದ್ರು ಸ್ವಾಮಿ. ಶಾಕ್ ಹೊಡೆಯೋದನ್ನ ತೂಕಕ್ಕೆ ಹಾಕ್ತೀನಿ ಅಂದ್ರು. ಎಲ್ಲಿದೆ?”

ದರ್ಜಿ ಮನೆಯ ಕಡೆ ಕೈ ತೋರಿಸಿದ.

ಗುಜರಿಯವನು ಮನೆಯನ್ನು ಬುಡದಿಂದ ತುದಿಯವರೆಗೆ ನೋಡಿದ. ತಕ್ಕಡಿಯನ್ನು ಎತ್ತಿ ಗಾಡಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಹೊರಟುಹೋದ.