ಮಗಳ ಪಿಎಚ್‌ಡಿ ವಿಷಯ

ದಾಳಿಂಬ ಊರಿನ ಕಲ್ಯಾಣಪ್ಪನ ಮಗಳು ಸ್ವಪ್ನಾಲಿ ಪುಣೆಯಲ್ಲಿ ಪಿಎಚ್‌ಡಿ ಮುಗಿಸಿದ್ದಳು. ನಮ್ಮ ಕಡೆ ಹುಡುಗ ಪೊಲೀಸ್ ಭರ್ತಿಯಲ್ಲಿ ಓಡಿ ಪಾಸಾದರೂ ಚೌಕದಲ್ಲಿ ಫ್ಲೆಕ್ಸ್ ಏಳುತ್ತದೆ. ಊರಿನ ಮೊದಲ ಡಾಕ್ಟರೇಟಿಗೆ ಏಳದಿದ್ದರೆ ಹೇಗೆ? ಮಧ್ಯಾಹ್ನದ ಬಸ್ಸಿಗೆ ಬರುವ ಮಗಳಿಗೆ ಶಾಲು ಹೊದಿಸಿ ಊರೆದುರು ಸತ್ಕಾರ ಮಾಡಲೇಬೇಕು ಎಂಬುದೊಂದೇ ಕಲ್ಯಾಣಪ್ಪನ ಹಟ.

ತೊಡಕಿದ್ದದ್ದು ವಿಷಯದಲ್ಲಿ. ಆಕೆ ಓದಿದ್ದು ಕ್ವಿಯರ್ ಥಿಯರಿ ಮತ್ತು ಸಿನೆಮಾ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು, ಗಂಡಸು ಸೀರೆ ಉಡುವುದು, ಇದನ್ನೆಲ್ಲ ಪರದೆಯ ಮೇಲೆ ಹೇಗೆ ತೋರಿಸುತ್ತಾರೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಕಲ್ಯಾಣಪ್ಪ ಬರೀ 'ಹೂಂ, ಹೂಂ' ಎಂದಿದ್ದ. ಮಗಳ ಮೇಲೆ ಹೆಮ್ಮೆ ಬೆಟ್ಟದಷ್ಟು. ಊರ ಬಾಯಿಯ ಹೆದರಿಕೆಯೂ ಅಷ್ಟೇ.

ಬೆಳಿಗ್ಗೆಯೇ ಪಕ್ಕದ ಮನೆಯ ಮಲ್ಲಣ್ಣ ಕೇಳಿದ. "ಹುಡುಗಿ ಯಾತರಾಗ ಡಾಕ್ಟರ್ ಆಗ್ಯಾಳೋ ಕಲ್ಯಾಣಪ್ಪಾ?"

"ಸಿನೆಮಾದಾಗ."

ಅರ್ಧ ಗಂಟೆಯಲ್ಲಿ ಮಲ್ಲಣ್ಣ ಮೀಸೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹಾಜರಾದ. "ಖಳನಾಯಕನ ಪಾರ್ಟ್ ಆದ್ರೂ ನಡೀತದ. ಆಕಿಗಿ ಒಂದ್ ಮಾತ್ ಹೇಳು."

ಗಾಬರಿಯಾದ ಕಲ್ಯಾಣಪ್ಪ ಮುಂದೆ ಕೇಳಿದವರಿಗೆಲ್ಲ "ಒಕ್ಕಲತನದಾಗ" ಎಂದುಬಿಟ್ಟ. ಹನ್ನೊಂದರ ಹೊತ್ತಿಗೆ ಎಂಬತ್ತು ದಾಟಿದ ಶೇವಂತಾಬಾಯಿ ರೋಗ ಹತ್ತಿದ ತೊಗರಿ ಗಿಡವನ್ನು ಬೇರು ಸಮೇತ ಕಿತ್ತು ತಂದು ಕಟ್ಟೆಯ ಮೇಲೆ ಕೂತಳು. "ಡಾಕ್ಟರ್‌ಬಾಯಿ ಬರಲಿ, ತೋರಿಸೇ ಹೋಗ್ತೀನಿ." ಆಕೆಯ ಹಿಂದೆ ಸೋಯಾಬೀನ್ ಹಿಡಿದು ಇನ್ನೂ ಆರು ಮಂದಿ.

ಕಲ್ಯಾಣಪ್ಪ ಉಮರ್ಗಾದ ಫ್ಲೆಕ್ಸ್ ಅಂಗಡಿಯ ಧನರಾಜನಿಗೆ ಫೋನ್ ಹಚ್ಚಿದ. "ವಿಷಯ ಬರೀಬ್ಯಾಡಪ್ಪಾ. ಹೆಸರು, ಪಿಎಚ್‌ಡಿ, ಫೋಟೋ, ಅಷ್ಟ ಸಾಕು."

"ಫೋಟೋ ಸ್ವಪ್ನಾಲಿ ಅಕ್ಕಾರೇ ಕಳಿಸ್ಯಾರ ಕಾಕಾ. ಚಿಂತಿ ಬ್ಯಾಡ."

ಬಸ್ಸು ಬಂತು, ಹಲಗೆ ಮೊಳಗಿತು. ಮಗಳು ಇಳಿಯುತ್ತಿದ್ದಂತೆಯೇ ಮಲ್ಲಣ್ಣ ಮೀಸೆ ತಿರುವಿದ, ಶೇವಂತಾಬಾಯಿ ತೊಗರಿ ಗಿಡ ಚಾಚಿದಳು. ಸ್ವಪ್ನಾಲಿ ಅಪ್ಪನ ಮುಖ ನೋಡಿ ನಕ್ಕು ಮೈಕ್ ಹಿಡಿದಳು.

"ಗಂಡಂದ್ರ ಹಿಂಗ, ಹೆಣ್ಣಂದ್ರ ಹಿಂಗ, ಪ್ರೀತಿ ಇಂಥವರ ಮ್ಯಾಲೇ ಬರಬೇಕು ಅಂತ ಯಾರ್ ಠರಾವ್ ಮಾಡ್ಯಾರ? ಸಿನೆಮಾ ಅದನ್ನ ಹೆಂಗ ಕಲಿಸ್ತದ, ಹೆಂಗ ಮುರೀತದ, ಅದ ನನ್ನ ವಿಷಯ."

ಕಲ್ಯಾಣಪ್ಪ ಕಣ್ಣು ಮುಚ್ಚಿಕೊಂಡ. ಬೆನ್ನಿಗೆ ತೊಗರಿ ಗಿಡದ ಏಟು ಬಿತ್ತು.

"ಇಷ್ಟಕ್ಕ ಮುಚ್ಚಿಡೋದಾ?" ಎಂದಳು ಶೇವಂತಾಬಾಯಿ. "ನನ್ನ ತಮ್ಮ ನಿಲಂಗಾದಾಗ ತನ್ನ ಗೆಳೆಯನ ಸಂಗಾಟ ನಲವತ್ ವರ್ಷ ಬಾಳೇ ಮಾಡ್ಯಾನ. ಅಂಥವರ ಮಾತು ಇಷ್ಟ್ ದಿನ ಯಾರ್ ಬರದಾರ? ನಮ್ಮ ಹುಡುಗಿ ಬರದಾಳ!"

ಚಪ್ಪಾಳೆ ಬಿತ್ತು. ಕಲ್ಯಾಣಪ್ಪನ ಎದೆ ಉಬ್ಬಿತು. ಇನ್ನು ಯಾರ ಹೆದರಿಕೆ? ತಾನೇ ಹೋಗಿ ಫ್ಲೆಕ್ಸಿನ ಮೇಲಿನ ಬಟ್ಟೆ ಎಳೆದ.

ಮಗಳ ಸಣ್ಣ ಫೋಟೋದ ಪಕ್ಕದಲ್ಲಿ ಪ್ರಬಂಧದ ಮುಖಪುಟ ಆಳೆತ್ತರಕ್ಕೆ ನಿಂತಿತ್ತು. ಮೂಗಿಗೆ ನತ್ತು, ತುರುಬಿಗೆ ಹೂವು, ಮೈಮೇಲೆ ಕೆಂಪು ಇಳಕಲ್ ಸೀರೆ. ಮೂವತ್ತು ವರ್ಷದ ಹಿಂದಿನ ಊರ ನಾಟಕದ ನಾಯಕಿ, ಕಲ್ಯಾಣಪ್ಪ.

"ಹಳೇ ನಾಟಕದವರ ಹಂತ್ಯಾಕ ಈ ಫೋಟೋ ಸಿಕ್ತು. ಸಿನೆಮಾಕ್ಕಿಂತ ಮೊದಲು ನಾಟಕ ಇತ್ತಲ್ಲ. ಮೊದಲನೇ ಅಧ್ಯಾಯ ನಿನ್ನ ಮ್ಯಾಲೇ ಅದ ಅಪ್ಪಾ. ಸಿಟ್ಟಾ?"

ಕಲ್ಯಾಣಪ್ಪನ ಕಣ್ಣು ತುಂಬಿತು. "ಸಿಟ್ಟ್ಯಾಕವ್ವಾ? ಇದಕಿಂತ ಚಂದದ ಫೋಟೋ ನನ್ನ ಹಂತ್ಯಾಕ ಇದ್ವು. ಕೇಳಬಾರದಿತ್ತಾ?"

ಅಷ್ಟರಲ್ಲಿ ಹೆಂಡತಿ ರಂಭಾಬಾಯಿ ಆರತಿ ತಟ್ಟೆಯನ್ನು ಮಲ್ಲಣ್ಣನ ಕೈಗೆ ತುರುಕಿ ಮುಂದೆ ನುಗ್ಗಿದಳು. ಫ್ಲೆಕ್ಸಿಗೆ ಮೂಗು ತಾಗಿಸಿ ಸೆರಗು ಪರೀಕ್ಷಿಸಿದಳು.

"ಇದು ನನ್ನ ಮದುವಿ ಸೀರೀರೀ! ನಾ ಬಾಣಂತನಕ್ಕ ಭಾಲ್ಕಿಗಿ ಹೋಗಿ ಬರೋದ್ರಾಗ ಕಳುವಾಗಿತ್ತು. ನೆಗೆಣ್ಣೀನೇ ಒಯ್ದಾಳಂತ ಆಕಿ ಜೋಡಿ ಮೂವತ್ ವರ್ಷದಿಂದ ಮಾತ್ ಬಿಟ್ಟೀನಿ!"