ಎರಡು ಬೀಗದ ಬಂದೂಕು

ಕಾಯಿದೆ ಮುರಿದವರ ಕಥೆ ಪೇಪರಿನಲ್ಲಿ ಬರುತ್ತದೆ. ಕಾಯಿದೆ ಪ್ರಕಾರವೇ ನಡೆಯುತ್ತೇನೆ ಎಂದು ಹಟ ಹಿಡಿದವನ ಕಥೆಯನ್ನು ಅವನೇ ಹೇಳಿಕೊಳ್ಳಬೇಕು. ಅಂಥವನಿಗೆ ಏನಾದರೂ ಒಂದು ಆಗುತ್ತಲೇ ಇರುತ್ತದೆ, ನನ್ನನ್ನು ಕೇಳಿ.

ನಾನು ಔರಾದದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಮನೆ ಇರುವುದು ಠಾಣಾ ಕುಶನೂರಿನ ಹೊರಗೆ, ಹೊಲದಲ್ಲಿ. ಸುತ್ತ ತೊಗರಿ, ಸೋಯಾ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಈ ಮನೆಗೆ ಒಂದು ಬಂದೂಕು ತರಲು ಹೋಗಿ ನಾನು ಪಟ್ಟ ಪಾಡು ಇದು.

ಕಳ್ಳನ ಆಯ್ಕೆ

ಒಮ್ಮೆ ಇಬ್ಬರೂ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಹಾಡಹಗಲೇ ಮನೆಗೆ ಕಳ್ಳ ಬಂದು ಹೋಗಿದ್ದ. ಗ್ಯಾಸ್ ಸಿಲಿಂಡರ್ ಇಲ್ಲ, ಮಿಕ್ಸರ್ ಇಲ್ಲ, ನನ್ನ ಹೆಂಡತಿ ಜೀವದಂತೆ ಕಾಪಾಡಿಕೊಂಡಿದ್ದ ದೊಡ್ಡ ಕುಕ್ಕರ್ ಇಲ್ಲ. ನನಗೆ ಉತ್ತಮ ಶಿಕ್ಷಕ ಎಂದು ಕೊಟ್ಟಿದ್ದ ಹಿತ್ತಾಳೆಯ ಫಲಕ ಮಾತ್ರ ಗೋಡೆಯಿಂದ ಇಳಿದು ಕಾಟಿನ ಮೇಲೆ ಅಂಗಾತ ಮಲಗಿತ್ತು. ಎತ್ತಿ ನೋಡಿ, ಬೇಡವೆಂದು ಇಟ್ಟು ಹೋಗಿದ್ದಾನೆ.

"ಇದೊಂದು ಉಳೀತು ನೋಡು" ಎಂದೆ, ಸಮಾಧಾನ ಹೇಳುವವನಂತೆ.

"ಕಳ್ಳಗೂ ಅದರ ಕಿಮ್ಮತ್ತು ಗೊತ್ತಾಗ್ಯಾದ ಬಿಡ್ರಿ" ಎಂದಳು.

ಮರುದಿನ ಚೀಲ ತುಂಬಿಕೊಂಡು ಭಾಲ್ಕಿಯ ತವರಿಗೆ ಹೊರಟು ನಿಂತಳು. ಅವಳ ಅಜ್ಜನ ಮನೆಯಲ್ಲಿ ಗೋಡೆಗೆ ಬಂದೂಕು ತೂಗುಹಾಕಿರುತ್ತಿದ್ದರಂತೆ, ಒಂದು ಚಮಚೆಯೂ ಕಳುವಾಗಲಿಲ್ಲವಂತೆ. "ನಮ್ಮ ಮನಿಗಿ ಬಂದೂಕು ಬಂತಂದ್ರ ಫೋನ್ ಮಾಡ್ರಿ, ಬರ್ತೇನಿ. ಅಲ್ಲಿತನಕ ನಾ ಆ ಹೊಲದಾಗ ಕಾಲಿಡಲ್ಲ" ಎಂದು ಬಸ್ ಹತ್ತಿದಳು.

ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವಳಿಲ್ಲದ ಮನೆ ಮೊದಲ ದಿನವೇ ನನಗೆ ಸಾಕಾಯಿತು. ನಾನು ಬಡಿದ ರೊಟ್ಟಿಯನ್ನು ಹೊಲದ ನಾಯಿ ಮೂಸಿ ನೋಡಿ ನನ್ನ ಮುಖವನ್ನೂ ಒಮ್ಮೆ ನೋಡಿತು.

ಬೆದರಿಕೆ ಯಾರಿಂದ?

ಅರ್ಜಿ ಕೊಡಲು ಬೀದರಕ್ಕೆ ಹೋದೆ. ಲೈಸೆನ್ಸ್ ವಿಭಾಗದ ಗುಮಾಸ್ತರು ಕನ್ನಡಕ ಏರಿಸಿ ನನ್ನ ಕಾಗದ ಓದಿದರು.

"ಆತ್ಮರಕ್ಷಣೆಗೆ ಅಂತ ಬರ್ದೀರಿ. ಬೆದರಿಕಿ ಯಾರಿಂದ ಅದರಿ?"

ಸುಳ್ಳು ಹೇಳಿ ಸಹಿ ಹಾಕುವುದು ನನ್ನಿಂದಾಗದು. "ಕಳ್ಳ ಬಂದು ಹೋದ ಮ್ಯಾಲ ಮತ್ತ ಯಾರೂ ಬೆದರಿಸಿಲ್ರಿ" ಎಂದೆ. "ಖರೆ ಹೇಳಬೇಕಂದ್ರ, ಬೆದರಿಸಿದಾಕಿ ನನ್ನ ಹೆಂಡ್ತಿ ಒಬ್ಬಾಕಿನೇ. ಬಂದೂಕು ಇಲ್ಲಂದ್ರ ಮನಿಗಿ ಬರಲ್ಲ ಅಂದಾಳ."

ಅವರು ಪೆನ್ನು ಕೆಳಗಿಟ್ಟರು. "ಮಾಸ್ತರೇ, ಹೆಂಡ್ತಿ ಮನಿಗಿ ಬರ್ಲಿಕ್ಕೆ ಸರ್ಕಾರ ಬಂದೂಕು ಕೊಡಲ್ರಿ. ಅದಕ್ಕ ಒಂದು ಛಲೋ ಸೀರಿ ಸಾಕಾಗ್ತದ."

ಕೊನೆಗೆ ಒಂಟಿ ಮನೆ, ಹಿಂದೆ ಕಳವು ಆಗಿದೆ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿದೆ ಎಂದು ಅವರೇ ಬರೆಸಿಕೊಟ್ಟರು. ಸಂಜೆ ಭಾಲ್ಕಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

"ಸೀರಿ ಯಾವಾಗ ತರ್ತೀರಿ?" ಎಂದಳು.

ನಡತೆ ಪ್ರಮಾಣ

ನಾನು ಎಂಥವನೆಂದು ವಿಚಾರಿಸಲು ಠಾಣೆಯಿಂದ ಹವಾಲ್ದಾರರು ಬಂದರು. ಪಕ್ಕದ ಹೊಲದ ಕಾಕಾರನ್ನು ಕರೆಸಿದೆ. ಕಾಕಾ ನನ್ನ ಮೇಲೆ ಬಲು ಪ್ರೀತಿ ಇಟ್ಟವರು, ನನ್ನನ್ನು ಗೆಲ್ಲಿಸಿಯೇ ತೀರುತ್ತೇನೆಂದು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು.

"ಇವ್ರಿಗಿ ಸಿಟ್ಟು ಬರ್ತದೇನು?" ಎಂದು ಹವಾಲ್ದಾರರು ಕೇಳಿದರು.

"ಸಿಟ್ಟು? ಮಾಸ್ತರಗ? ನಮ್ಮ ಆಡು ಇವ್ರ ತೊಗರಿ ಮೇಯ್ದ್ರ, 'ಹೊಟ್ಟಿ ತುಂಬ್ತೇನವ್ವಾ' ಅಂತ ಕೇಳ್ತಾರರಿ! ಮನ್ಯಾಗ ಇಲಿ ಸಿಕ್ರ ಚೀಲದಾಗ ಹಾಕಿ ನಮ್ಮ ಹೊಲದಾಗ ಬಿಟ್ಟು ಬರ್ತಾರ. ಇವ್ರ ಕೈಲೇ ಒಂದು ನೊಣ ಸಾಯಲ್ರಿ ಸಾಹೇಬ್ರೇ."

ಹವಾಲ್ದಾರರು ಎಲ್ಲವನ್ನೂ ಬರೆದುಕೊಂಡು, ಚಹಾ ಕುಡಿದು, ಹೊರಡುವಾಗ ನನ್ನನ್ನು ಬದಿಗೆ ಕರೆದರು. "ಮಾಸ್ತರೇ, ರಿಪೋರ್ಟ್ ಏಕದಂ ಛಲೋ ಅದ. ಆದ್ರ ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಂದೂಕು ತಗೊಂಡು ನೀವು ಮಾಡೋದಾದ್ರೂ ಏನ್ರಿ?"

ಕೃಪಾಂಕ

ಲೈಸೆನ್ಸ್ ಸಿಗಬೇಕಾದರೆ ತರಬೇತಿಯ ಸರ್ಟಿಫಿಕೇಟೂ ಬೇಕು. ನೌಬಾದದ ಆಚೆ ಒಂದು ಬಯಲಿನಲ್ಲಿ ತರಬೇತಿ. ಕಲಿಸಲು ಬಂದ ಪೊಲೀಸಪ್ಪ ನನ್ನನ್ನು ನೋಡಿದ್ದೇ ಸೆಟೆದು ನಿಂತು "ನಮಸ್ಕಾರ ಸರ್!" ಎಂದ. ನನ್ನ ಹಳೇ ವಿದ್ಯಾರ್ಥಿ. ಗಣಿತದ ಪಿರಿಯಡ್ಡಿನಲ್ಲಿ ಅವನು ಕೂತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು, ನಿಲ್ಲಿಸಿದವನು ನಾನೇ.

ನಾನು ಬಂದೂಕು ಹಿಡಿದು ಗುರಿ ಇಟ್ಟೆ.

"ಸರ್, ಒಂದ್ ಕಣ್ಣು ಮುಚ್ಚಬೇಕ್ರಿ."

"ಮುಚ್ಚೀನಲ್ಲಪ್ಪ."

"ಎರಡೂ ಮುಚ್ಚೀರಿ ಸರ್."

ಐದು ಗುಂಡು ಹಾರಿಸಿದೆ. ಭುಜ ನೊಂದಿತು, ಕಿವಿ ಗುಂಯ್ ಎಂದಿತು, ಆದರೆ ನನ್ನ ಎದುರಿನ ಹಲಗೆಗೆ ಏನೂ ಆಗಲಿಲ್ಲ. ಅವನು ಹತ್ತಿರ ಹೋಗಿ ಬಗ್ಗಿ ಬಗ್ಗಿ ಹುಡುಕಿ, ಅಂಚಿನಲ್ಲಿ ಒಂದು ಗೀರು ಕಂಡುಹಿಡಿದ. ಅದು ನನ್ನ ಗುಂಡಿನದೋ ಹಲಗೆ ಹೊತ್ತು ತಂದಾಗಿನದೋ ದೇವರಿಗೇ ಗೊತ್ತು. ಬಂದೂಕು ಹಿಡಿಯುವ ಕ್ರಮ, ಬಿಚ್ಚುವ ಕ್ರಮ, ಜೋಪಾನದ ಪಾಠ, ಎಲ್ಲದರಲ್ಲಿಯೂ ನಾನೇ ಮೊದಲಿಗನೆಂದು ಹೇಳಿ ಸರ್ಟಿಫಿಕೇಟ್ ಕೈಗಿಟ್ಟ.

"ಖರೆನೇ ಪಾಸ್ ಆದೆನೇನಪಾ?" ಎಂದೆ.

ಅವನು ದನಿ ಇಳಿಸಿದ. "ಎಂಟನೇ ಕ್ಲಾಸಿನಾಗ ನೀವು ನನಗ ಐದು ಕೃಪಾಂಕ ಕೊಟ್ಟಿದ್ರಿ ಸರ್. ಇವತ್ತಿಗಿ ತೀರ್ತು."

ತಾಲೀಮು

ಅಂತೂ ಬಂದೂಕು ಬಂತು. ಬೀದರದಲ್ಲಿ ಬಂದೂಕು ಮಾರುವ ಅಂಗಡಿಯ ಚಾಚಾ ಅದನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಮಾಸ್ಟರ್ ಸಾಬ್, ಗುಂಡು ತುಂಬಿ ಇಡಬ್ಯಾಡ್ರಿ. ಬಂದೂಕಿಗಿ ಒಂದು ಬೀಗ, ಗುಂಡಿಗಿ ಒಂದು ಬೀಗ. ಚಾವಿ ನಿಮ್ಮ ತಲ್ಲೇ ಇರ್ಲಿ, ಬ್ಯಾರೆಯವ್ರಿಗಿ ಕೊಡಬ್ಯಾಡ್ರಿ" ಎಂದರು. ನಾನು ಚಾಚಾ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದೆ. ಉಕ್ಕಿನ ಕಪಾಟು ತಂದು ಒಳಕೋಣೆಯ ಗೋಡೆಗೆ ಬಿಗಿಸಿದೆ. ಅದಕ್ಕೆ ಎರಡು ಖಾನೆ, ಎರಡು ಬೀಗ. ಒಂದು ಚಾವಿ ಉಡಿದಾರದಲ್ಲಿ, ಇನ್ನೊಂದು ನನಗೆ ಮಾತ್ರ ಗೊತ್ತಿರುವ ಜಾಗದಲ್ಲಿ. ಆಮೇಲೆ ಭಾಲ್ಕಿಗೆ ಫೋನ್ ಮಾಡಿದೆ. ಹೆಂಡತಿ ಬಂದಳು, ಹೊಸ ಮಿಕ್ಸರ್, ಹೊಸ ಕುಕ್ಕರ್ ಸಮೇತ. ಆ ಸಂತೋಷದಲ್ಲಿ ನಾನು ಬಸ್‌ಸ್ಟ್ಯಾಂಡಿಗೆ ಒಂದು ತಾಸು ಮುಂಚೆಯೇ ಹೋಗಿ ನಿಂತಿದ್ದೆ, ಕೈಯಲ್ಲಿ ಸೀರೆಯ ಪೊಟ್ಟಣ ಹಿಡಿದುಕೊಂಡು.

ಅವಳು ಕಪಾಟನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದಳು: "ಕಳ್ಳ ಬಂದಾಗ ಇದು ಹ್ಯಾಂಗ ತೆಗೀತೀರಿ? ತೆಗೀರಿ ನೋಡಮ. ಈಗ ನಾನೇ ಕಳ್ಳ. ಬಂದೆ!"

ನಾನು ಉಡಿದಾರದ ಗಂಟು ಬಿಚ್ಚತೊಡಗಿದೆ. ಗಡಿಬಿಡಿಯಲ್ಲಿ ಅದು ಇನ್ನೂ ಬಿಗಿಯಿತು. ಮೊದಲ ಬೀಗ ತೆಗೆದೆ. ಎರಡನೆಯ ಚಾವಿ ನನಗೆ ಮಾತ್ರ ಗೊತ್ತಿರುವ ಜಾಗದಲ್ಲಿತ್ತಲ್ಲ, ಅದು ಯಾವುದೆಂದು ನನಗೂ ಮರೆತಿತ್ತು. ಕೊನೆಗೆ ಜಾಮಿಟ್ರಿ ಪೆಟ್ಟಿಗೆಯಲ್ಲಿ ಸಿಕ್ಕಿತು. ಗುಂಡು ತೆಗೆದು, ಬಂದೂಕು ಹಿಡಿದು ಪಡಸಾಲೆಗೆ ಬಂದರೆ ಅಲ್ಲಿ ಯಾರೂ ಇಲ್ಲ. ಮಿಕ್ಸರ್ ಇಲ್ಲ, ಕುಕ್ಕರ್ ಇಲ್ಲ, ಗೋಡೆಯ ಗಡಿಯಾರವೂ ಇಲ್ಲ. ಎಲ್ಲವನ್ನೂ ಅಂಗಳದ ಬೇವಿನ ಕೆಳಗೆ ಸಾಲಾಗಿ ಇಟ್ಟುಕೊಂಡು ಹೆಂಡತಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಇನ್ನೊಂದು ಜರಾ ತಡಾ ಮಾಡಿದ್ರ ಕಾಟೂ ಹೊರಗ ಬರ್ತಿತ್ತು" ಎಂದಳು.

ಬೋರ್ಡು

ಬಂದೂಕು ತೆಗೆಯುವುದು ನನ್ನಿಂದಾಗುವ ಮಾತಲ್ಲ, ಕಳ್ಳ ಗೇಟಿನಲ್ಲೇ ಅಂಜಿ ಹೋಗಬೇಕು ಎಂದು ಅವಳು ತೀರ್ಮಾನಿಸಿದಳು. ಅವಳ ಮಾತಿನಂತೆ ಗೇಟಿಗೆ ಬೋರ್ಡು ಹಾಕಿಸಿದೆ: "ಎಚ್ಚರಿಕೆ. ಈ ಮನೆಯಲ್ಲಿ ಲೈಸೆನ್ಸ್ ಇರುವ ಬಂದೂಕು ಇದೆ." ಆಮೇಲೆ ಅವಳು ನೆಮ್ಮದಿಯಿಂದ ನಿದ್ದೆ ಮಾಡಿದಳು, ನಾನು ಹೊಟ್ಟೆ ತುಂಬ ಉಂಡೆ. ಎಲ್ಲ ಸರಿಹೋಯಿತು ಎನ್ನುವಾಗ ಹವಾಲ್ದಾರರ ಫೋನ್ ಬಂತು.

"ಮಾಸ್ತರೇ, ಎಲೆಕ್ಷನ್ ಬಂತು. ಲೈಸೆನ್ಸಿನ ಬಂದೂಕು ಠಾಣಾದಾಗ ತಂದು ಇಡ್ರಿ. ಎಲೆಕ್ಷನ್ ಮುಗಿದ ಮ್ಯಾಲ ಒಯ್ರಿ."

ಬಂದೂಕು ಹೋದರೆ ಹೆಂಡತಿಯೂ ಹೋಗುತ್ತಾಳೆ. ಒಪ್ಪಿಸದಿದ್ದರೆ ಕಾಯಿದೆ ಮುರಿದಂತೆ. ಅವಳು ಔರಾದದ ಸಂತೆಗೆ ಹೋದ ಹೊತ್ತು ನೋಡಿ ಬಂದೂಕು, ಗುಂಡು ಎರಡನ್ನೂ ಒಯ್ದು ಒಪ್ಪಿಸಿ, ರಸೀದಿ ತಂದು ಪುಸ್ತಕದ ನಡುವೆ ಬಚ್ಚಿಟ್ಟೆ. ಅವಳಿಗೆ ಹೇಳುವುದೇ ಬೇಡ ಎಂದುಕೊಂಡೆ. ಖಾಲಿ ಕಪಾಟಿಗೆ ಎರಡೂ ಬೀಗ ಹಾಕಿದೆ.

ಆದರೆ ಗೇಟಿನ ಬೋರ್ಡು ಕಣ್ಣು ಚುಚ್ಚತೊಡಗಿತು. ಬಂದೂಕು ಇದೆ ಅನ್ನುತ್ತದೆ, ಬಂದೂಕು ಇಲ್ಲ. ಎಲೆಕ್ಷನ್ ಜೀಪಿನವರು ಓದಿದರೆ, ಒಪ್ಪಿಸಿಲ್ಲವೇ ಎಂದು ಕೇಸು ಹಾಕಿದರೆ? ಜೇಬಿನಲ್ಲಿ ಚಾಕ್‌ಪೀಸು ಇದ್ದೇ ಇತ್ತು. ನೀಲಿ ಬೋರ್ಡಿನಲ್ಲಿ ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: "ಚುನಾವಣೆ ಮುಗಿಯುವವರೆಗೆ ಠಾಣೆಯಲ್ಲಿದೆ."

ಸಂಜೆ ಸಂತೆಯ ಚೀಲ ಹೊತ್ತು ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ಒಮ್ಮೆ ಓದಿದಳು. ಚೀಲ ಕೆಳಗಿಟ್ಟು ಇನ್ನೊಮ್ಮೆ ಓದಿದಳು.

"ಹೆಂಡ್ತಿಗಿ ಹೇಳಿಲ್ಲ" ಎಂದಳು, "ಕಳ್ಳಗ ಹೇಳ್ಯಾರ!"

ಅದನ್ನು ಸೆರಗಿನಿಂದಲೇ ಒರೆಸಿ ಹಾಕಿದಳು. ನಾನು ಕೈಕಟ್ಟಿ ನಿಂತಿದ್ದೆ. ಭಾಲ್ಕಿಯ ಬಸ್ ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ, ನಾಳೆಯಿಂದ ಮತ್ತೆ ನಾನು, ನನ್ನ ರೊಟ್ಟಿ, ಆ ನಾಯಿ ಎಂದುಕೊಂಡು ಕಣ್ಣು ತುಂಬಿ ಬಂತು.

ಅವಳು ನನ್ನ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ ಅವಳಿಗೆ. "ಬಂದೂಕು ಮನಿ ಕಾಯ್ತದ ಅಂತ ಬಂದಿದ್ದೆ. ಬಂದೂಕು ಇರ್ಲಿ ಬಿಡ್ಲಿ, ನಿಮ್ಮನ್ನ ಕಾಯಾಕ ನಾ ಇಲ್ಲೇ ಇರಬೇಕಾಗ್ತದ. ಚಾವಿ ಕೊಡ್ರಿ."

"ಬಂದೂಕಿನ ಚಾವಿ ಬ್ಯಾರೆಯವ್ರಿಗಿ ಕೊಡಂಗಿಲ್ಲ" ಎಂದೆ.

"ಒಳಗ ಬಂದೂಕು ಅದ ಏನ್ರಿ?"

ಕೊಟ್ಟೆ.

ಎಲೆಕ್ಷನ್ ಮುಗಿಯಿತು. ಹವಾಲ್ದಾರರ ಫೋನ್ ಬಂದಾಗ ಎತ್ತಿದವಳು ಅವಳೇ. ಮಾಸ್ತರರು ಬಂದು ಬಂದೂಕು ಒಯ್ಯಲಿ ಎಂದರಂತೆ.

"ಇನ್ನೊಂದು ಎಲೆಕ್ಷನ್ ತನಕ ನಿಮ್ಮ ತಲ್ಲೇ ಇಟ್ಕೋರಿ ಅಣ್ಣಾರ" ಎಂದಳು. "ಆ ಕಪಾಟಿನಾಗ ಈಗ ನಮ್ಮ ಕುಕ್ಕರ್ ಅದ."