ಗುಮಾಸ್ತರ ಒಂದೇ ಒಂದು ನಿಂಬೆ

ಏಳು ವರ್ಷ ಗೊಬ್ಬರ ತಿಂದ ಕುಂಡದ ಗಿಡ ಕೊನೆಗೂ ಒಂದು ಹಣ್ಣು ಬಿಟ್ಟಿತ್ತು. ಒಂದೇ ಒಂದು. ಕೊಯ್ದರೆ ಒಳಗೆ ದಾಳಿಂಬೆಯಂತೆ ಕೆಂಪಗಿರುತ್ತದೆಂದು ಹೇಳಿ ನರ್ಸರಿಯವನು ಮಾರಿದ್ದ ಕಸಿ ನಿಂಬೆ ಅದು. ಅಂಚೆ ಕಚೇರಿಯ ಗುಮಾಸ್ತರು ಆ ಹಣ್ಣನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರು. ಅವತ್ತು ನಸುಕಿಗೇ ಎದ್ದು ಗಿಡದ ಮುಂದೆ ನಿಂತಿದ್ದರು; ಮಕ್ಕಳ ಪರೀಕ್ಷೆಯ ದಿನವೂ ಅವರು ಅಷ್ಟು ಬೇಗ ಎದ್ದವರಲ್ಲ.

ಕಾರಣವಿತ್ತು. ಅವತ್ತು ಮಧ್ಯಾಹ್ನ ಮೂರಕ್ಕೆ ಡ್ರಾಯಿಂಗ್ ಮೇಡಂ ಮನೆಯ ತಾರಸಿಯಲ್ಲಿ ಕೈತೋಟದವರ ಬೀಜ ವಿನಿಮಯ. ಬೆರಳಿನಂತೆ ಉದ್ದಕ್ಕಿರುವ, ಒಳಗೆ ಮುತ್ತಿನಂಥ ಕಾಳು ತುಂಬಿದ ನಿಂಬೆ ಊರಿನಲ್ಲಿ ಮೇಡಂ ಒಬ್ಬರ ಬಳಿಯೇ ಇತ್ತು. ಎಲ್ಲರಿಗಿಂತ ವಿಶೇಷದ ಹಣ್ಣು ಬೆಳೆದು ತಂದವರಿಗೆ ಅದರ ಒಂದು ಸಸಿ ಕೊಡುವುದಾಗಿ ಅವರು ಹೇಳಿದ್ದರು. ನಿಯಮ ಎರಡೇ: ಹಣ್ಣನ್ನು ಎಲ್ಲರೆದುರು ಕೊಯ್ಯಬೇಕು, ಬೆಳೆದವರೇ ಮೊದಲು ತಿನ್ನಬೇಕು.

ಪಕ್ಕದ ಮನೆಯ ಟೈಲರ್ ಕಾಂಪೌಂಡಿನ ಆಚೆಯಿಂದಲೇ ಹಣ್ಣನ್ನು ಮೆಚ್ಚಿಕೊಂಡ. ಮೂರು ವರ್ಷದ ಹಿಂದೆ ಗಿಡಕ್ಕೆ ಎರಡು ಕವಲಿದ್ದಾಗ, ಬಡಕಲು ಕವಲನ್ನು ತೆಗೆದರೆ ಮುಳ್ಳಿನ ಕವಲು ಜೋರಾಗಿ ಬರುತ್ತದೆಂದು ಬುದ್ಧಿ ಹೇಳಿದವನೇ ಅವನು. ಪಾಪ, ಜೀವ ಇದೆ, ಬಿಡಿ ಎಂದ ಹೆಂಡತಿಗೆ ಗುಮಾಸ್ತರು ನಿನಗೇನು ಗೊತ್ತು ಎಂದಿದ್ದರು. ಕತ್ತರಿಸಿದ್ದನ್ನು ಕಸಕ್ಕೆ ಹಾಕುವ ಕೆಲಸವನ್ನೂ ಟೈಲರೇ ವಹಿಸಿಕೊಂಡಿದ್ದ. ಅಂಥ ನೆರೆಯವರು ಸಿಗಲು ಪುಣ್ಯ ಮಾಡಿರಬೇಕು.

ಹಣ್ಣನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ಜೇಬಿಗಿಳಿಸಿ, ಗುಮಾಸ್ತರು ಕಚೇರಿಗೆ ಹೋದರು. ಹೊಟ್ಟೆನೋವೆಂದು ಅರ್ಧ ದಿನ ರಜೆ ಕೇಳಿದರು. ಪೋಸ್ಟ್‌ಮಾಸ್ಟರು ಮರುಕದಿಂದ ಅವರನ್ನು ಕೂರಿಸಿದರು. ಉಬ್ಬಿದ ಜೇಬು ಕಂಡಿತು. ಏನಿದು ಎಂದು ಅವರೇ ಕೈಹಾಕಿ ತೆಗೆದರು.

"ಔಷಧಿ ಜೇಬಲ್ಲೇ ಇಟ್ಕೊಂಡು ರಜೆ ಕೇಳ್ತೀರಲ್ರೀ. ಉಪ್ಪು ಹಾಕಿ ಹಿಂಡಿ ಕೊಡ್ತೀನಿ, ಕುಡೀರಿ."

ಪಾರ್ಸೆಲ್ ದಾರ ಕೊಯ್ಯುವ ಚಾಕು ಹಣ್ಣಿನ ಮೇಲೆ ಕೂತೇಬಿಟ್ಟಿತು. ಗುಮಾಸ್ತರು ಥಟ್ಟನೆ ಎದ್ದು ನಿಂತರು.

"ಹೋಯ್ತು ಸಾರ್, ನೋವು ಹೋಗೇ ಬಿಡ್ತು."

"ಹೌದಾ? ಹಾಗಾದ್ರೆ ಕೌಂಟರಿಗೆ ನಡೀರಿ."

ಹಣ್ಣು ಉಳಿಯಿತು, ರಜೆ ಹೋಯಿತು. ಎರಡೂವರೆಯವರೆಗೆ ಗುಮಾಸ್ತರು ಗಡಿಯಾರ ನೋಡುತ್ತ, ಒಂದೇ ಲಕೋಟೆಗೆ ನಾಲ್ಕು ಬಾರಿ ಮುದ್ರೆ ಒತ್ತಿದರು. ಆಮೇಲೆ ಕೆನ್ನೆಗೆ ಕೈಯಿಟ್ಟು ಹಲ್ಲುನೋವೆಂದು ನರಳಿದರು. ಹಲ್ಲುನೋವಿಗೆ ನಿಂಬೆ ಆಗದೆಂಬುದು ಪೋಸ್ಟ್‌ಮಾಸ್ಟರಿಗೂ ಗೊತ್ತಿತ್ತು. ರಜೆ ಸಿಕ್ಕಿತು.

ತಾರಸಿಯ ಮೇಲೆ ಹತ್ತು ಹನ್ನೆರಡು ಜನ ಬೀಜದ ಪೊಟ್ಟಣ ಹಿಡಿದು ಕೂತಿದ್ದರು. ಟೈಲರೂ ಇದ್ದ, ಮಡಿಲಲ್ಲಿ ಒಂದು ಚೀಲ. ಗುಮಾಸ್ತರು ಕೆಂಪು ತಿರುಳಿನ ಬಗ್ಗೆ ಚಿಕ್ಕ ಭಾಷಣ ಮಾಡಿ ಹಣ್ಣು ಕೊಯ್ದರು.

ಒಳಗೆ ಬೆಳ್ಳಗೆ, ಬರೀ ಬೀಜ. ನಿಯಮದಂತೆ ತಿಂದರು. ಹುಳಿಗೆ ಬಾಯಿಯ ಅಷ್ಟೂ ಹಲ್ಲು ಜುಮ್ಮೆಂದು ನಿಜವಾಗಿಯೇ ನೋಯತೊಡಗಿದವು.

ಮೇಡಂ ಹಣ್ಣು ಮೂಸಿ ನೋಡಿ, ಗಿಡದಲ್ಲಿ ಬೇರೆ ಕವಲು ಇತ್ತೇ ಎಂದು ವಿಚಾರಿಸಿದರು. ಗುಮಾಸ್ತರು ಬಡಕಲು ಕವಲಿನ ಕತೆ ಹೇಳಿದರು.

"ಅಯ್ಯೋ, ಅದೇ ಕಸಿ ಕಟ್ಟಿದ ಕೊಂಬೆ. ನೀವು ಉಳಿಸಿಕೊಂಡಿದ್ದು ಕಸಿ ಕಟ್ಟೋಕೆ ಕೆಳಗೆ ಬಳಸೋ ಕಾಡುನಿಂಬೆ. ಮೂರು ವರ್ಷ ಅದಕ್ಕೇ ಗೊಬ್ಬರ ಹಾಕಿದ್ದೀರಿ."

ಗುಮಾಸ್ತರು ಇಂಗು ತಿಂದ ಮಂಗನಂತೆ ನಿಂತರು. ಆಗ ಟೈಲರ್ ಸಂಕೋಚದಿಂದ ಚೀಲ ಬಿಚ್ಚಿ ತನ್ನ ಹಣ್ಣು ಕೊಯ್ದ. ಒಳಗೆ ದಾಳಿಂಬೆಯ ಕೆಂಪು.

"ಅವತ್ತು ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ ಸಾರ್. ನಮ್ಮನೆ ನಿಂಬೆ ಗಿಡಕ್ಕೇ ಕಸಿ ಕಟ್ದೆ. ಅಮ್ಮಾವ್ರು ಹೇಳಿದ್ರಲ್ಲ, ಜೀವ ಇದೆ ಅಂತ."

ಬೆರಳು ನಿಂಬೆಯ ಸಸಿ ಟೈಲರ್ ಪಾಲಾಯಿತು. ಅವನು ಕೃತಘ್ನನಲ್ಲ, ಮನೆಗೆ ಬಂದವನೇ ತನ್ನ ಕೆಂಪು ನಿಂಬೆಯ ಒಂದು ಕಡ್ಡಿ ಕತ್ತರಿಸಿ ಕೊಟ್ಟ. ಮುಳ್ಳಿನ ಕವಲನ್ನು ಬುಡದ ಹತ್ತಿರ ಕಡಿದು ಇದನ್ನು ಕಟ್ಟಿದರೆ ಇನ್ನು ಮೂರ್ನಾಲ್ಕು ವರ್ಷಕ್ಕೆ ಹಣ್ಣು ಗ್ಯಾರಂಟಿ ಎಂದು ಸಲಹೆಯನ್ನೂ ಕೊಟ್ಟ.

ಒಂದು ಕೈ ಕೆನ್ನೆಗೆ, ಇನ್ನೊಂದರಲ್ಲಿ ಕಡ್ಡಿ. ಬಾಗಿಲು ತೆರೆದ ಹೆಂಡತಿ ಗಂಡನನ್ನು ನೋಡಲಿಲ್ಲ. ಕಡ್ಡಿಯ ಎಲೆಯನ್ನು ಹಿಡಿದು ತಿರುಗಿಸಿ ನೋಡಿದರು.

"ರೀ, ಅವತ್ತು ಕತ್ತರಿಸಿ ಎಸೆದ್ರಲ್ಲ, ಇದು ಅದೇ ಅಲ್ವಾ?"

ಗುಮಾಸ್ತರು ಹಲ್ಲುನೋವು ಎಂದರು. ಅವತ್ತು ನೋವಿನ ವಿಷಯದಲ್ಲಿ ಅವರಾಡಿದ ಒಂದೇ ನಿಜ ಅದು; ಹೆಂಡತಿ ಅದನ್ನೂ ನಂಬಲಿಲ್ಲ.